ಜ್ವರದ ಹುಳ, ಎಚ್ಚರದ ಮಕ್ಕಳು

ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತೂವರೆ ಆದರೆ ಮೊಬೈಲುಗಳೆಲ್ಲ ಫ್ರಿಜ್ಜಿನ ಮೇಲೆ ಹೋಗಿ ಕೂರಬೇಕು. ಇದು ನನ್ನ ಮಗಳು ಮಾಡಿದ ಕಾನೂನು. ಮೊಮ್ಮಗ ಹತ್ತನೇ ಕ್ಲಾಸಿಗೆ ಬಂದ ವರ್ಷ ಚಿಕ್ಕಬಳ್ಳಾಪುರದ ಈ ಮನೆಯಲ್ಲಿ ಜಾರಿಗೆ ಬಂತು. ಹದಿನೈದು ದಿನ ಕಳೆಯುವುದರೊಳಗೆ ಅವನು ಹೊದಿಕೆಯೊಳಗೆ ಸಿಕ್ಕಿಬಿದ್ದ. ಆಗ ರಾತ್ರಿ ಹನ್ನೆರಡೂವರೆ. ಹತ್ತಿ ಹೊದಿಕೆಯ ಎಳೆ ಎಳೆಯ ನಡುವೆ ನೀಲಿ ಬೆಳಕು ಸೋರುತ್ತಿತ್ತು. ಮಗಳು ಕೋಪದಲ್ಲಿ ನಡುಗುತ್ತಾ, "ನಮ್ಮ ಕಾಲದಲ್ಲಿ ಎಂಟಕ್ಕೆ ಊಟ, ಒಂಬತ್ತಕ್ಕೆ ಹಾಸಿಗೆ. ಬೇಕಾದ್ರೆ ಅಜ್ಜೀನ ಕೇಳು" ಅಂದಳು.

ಅವನು ಕೇಳಿಯೇಬಿಟ್ಟ. "ನೀನೂ ಒಂಬತ್ತಕ್ಕೇ ಮಲಗ್ತಿದ್ಯಾ ಅಜ್ಜಿ?"

ಮೂವತ್ತು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಇತಿಹಾಸ ಹೇಳಿಕೊಟ್ಟವಳು ನಾನು. ಮಗಳ ಮಾತು ಉಳಿಸಲು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಕಣೋ" ಅಂದೆ. ಮಗಳು ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆ ಎರಡು ದಿನ ನಾನು ಕೂತು ಲೆಕ್ಕ ಹಾಕಿದೆ: ನಮ್ಮ ಸೀಮೆಯಲ್ಲಿ, ಅಂದರೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಈ ವರ್ಷವಿಡೀ ಹರಿಯುವ ಹೊಳೆಯಿಲ್ಲದ ಬಯಲಿನಲ್ಲಿ, ಹದಿನಾಲ್ಕು ಹದಿನಾರರ ಮಕ್ಕಳು ಎಂದು ಮಲಗಿದ್ದರು, ಯಾರು ಹೇಳಿದ್ದಕ್ಕೆ ಮಲಗಿದ್ದರು? ನೆನಪು ಹಿಂದಕ್ಕೆ ಹೋದಷ್ಟೂ ಒಂದೇ ಉತ್ತರ ಸಿಕ್ಕಿತು. ಮಲಗು ಎಂದು ಹೇಳುವ ಅಪ್ಪ ಅಮ್ಮ ಈ ಸೀಮೆಗೆ ಇತ್ತೀಚೆಗೆ ಬಂದವರು. ಅದಕ್ಕೂ ಮುಂಚೆ ಇದ್ದವರು ಎಬ್ಬಿಸುವ ಅಪ್ಪ ಅಮ್ಮ.

ನಾನು ಹುಟ್ಟಿದ್ದು ಶಿಡ್ಲಘಟ್ಟದಿಂದ ಐದಾರು ಮೈಲಿ ದೂರದ ಹಳ್ಳಿಯಲ್ಲಿ, 1964ರಲ್ಲಿ. ನಮ್ಮದು ಹುಳದ ಮನೆ. ನಮ್ಮ ಕಡೆ ರೇಷ್ಮೆ ಹುಳ ಎಂದು ಪೂರ್ತಿ ಹೇಳುವವರು ಇಲಾಖೆಯವರು ಮಾತ್ರ. ನಮಗೆ ಹುಳ ಅಂದರೆ ಅದೊಂದೇ ಹುಳ. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಬಿದಿರಿನ ತಟ್ಟೆಗಳ ಸ್ಟ್ಯಾಂಡು. ಇರುವೆ ಹತ್ತದಂತೆ ಅದರ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲುಗಳು. ಬೆಳೆ ಮೇಲಿದ್ದಾಗ ಮನುಷ್ಯರು ಮಲಗುತ್ತಿದ್ದುದು ಜಗಲಿಯಲ್ಲಿ, ಒಲೆಯ ಪಕ್ಕದಲ್ಲಿ, ಸೊಪ್ಪಿನ ಗುಡ್ಡೆಯ ಬದಿಯಲ್ಲಿ. ಮನೆಯ ಒಳ್ಳೆಯ ಜಾಗ ಹುಳದ್ದು. ಒಗ್ಗರಣೆಯ ಘಾಟು ಬಡಿಯಬಾರದು, ಬೀಡಿಯ ಹೊಗೆ ಬರಬಾರದು, ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಕಾಲಿಡಬಾರದು.

ನೂರು ಮೊಟ್ಟೆ ಎಂದು ನಾವು ಕರೆಯುವುದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯನ್ನು. ಅದರಿಂದ ನಲವತ್ತು ಸಾವಿರ ಹುಳ ಹೊರಡುತ್ತವೆ. ಇಪ್ಪತ್ತೈದು ದಿನದ ಆಸುಪಾಸಿನಲ್ಲಿ ಅವು ನಾಲ್ಕು ಸಲ ಪೊರೆ ಬಿಟ್ಟು, ಐದು ಹಂತ ದಾಟಿ, ಹಣ್ಣಾಗಿ ಗೂಡು ಕಟ್ಟುತ್ತವೆ. ಇಡೀ ಬೆಳೆಗೆ ಹಾಕುವ ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಖರ್ಚಾಗುವುದು ಕೊನೆಯ ಹಂತದ ಆ ಒಂದು ವಾರದಲ್ಲೇ. ಆಗ ದಿನಕ್ಕೆ ನಾಲ್ಕೈದು ಸಲ ಸೊಪ್ಪು. ಬೆಳಿಗ್ಗೆ, ಹನ್ನೊಂದಕ್ಕೆ, ಸಂಜೆಗೆ, ರಾತ್ರಿ ಊಟದ ಮೇಲೆ, ಮತ್ತೆ ಒಂದು ನಡುರಾತ್ರಿಗೆ.

ಆ ನಡುರಾತ್ರಿಯ ಸೊಪ್ಪು ನಮ್ಮ ಪಾಲಿನದು, ಅಣ್ಣನದು ಮತ್ತು ನನ್ನದು. ಅಮ್ಮನ ಹತ್ತಿರ ಅಲಾರಂ ಗಡಿಯಾರ ಇರಲಿಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಮನೆ ತುಂಬ ಇರುತ್ತದಲ್ಲ, ಆ ಸದ್ದಿನಲ್ಲಿ ಅವಳಿಗೆ ನಿದ್ದೆ ಹತ್ತುತ್ತಿತ್ತು. ಸದ್ದು ನಿಂತ ಗಳಿಗೆಗೆ ಎಚ್ಚರವಾಗುತ್ತಿತ್ತು. ಸದ್ದು ನಿಂತಿತು ಅಂದರೆ ಸೊಪ್ಪು ಮುಗಿಯಿತು. "ಏಳೇ, ಹುಳ ಹಸ್ಕೊಂಡವೆ" ಎಂದು ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಸೀಮೆಎಣ್ಣೆ ಬುಡ್ಡಿಯನ್ನು ಅಣ್ಣ ಹಿಡಿದುಕೊಳ್ಳುತ್ತಿದ್ದ. ಒದ್ದೆ ಗೋಣಿಯ ಕೆಳಗೆ ತಣ್ಣಗಿಟ್ಟ ಸೊಪ್ಪನ್ನು ನಾನು ಎತ್ತಿ ಎತ್ತಿ ಕೊಡುತ್ತಿದ್ದೆ, ಅಮ್ಮ ಹರಡುತ್ತಿದ್ದಳು. ಮೇಲಿನ ತಟ್ಟೆ ಎಳೆದು, ಹಾಕಿ, ತಳ್ಳಿ, ಕೆಳಗಿನದು. ಮುಗಿಯುವ ಹೊತ್ತಿಗೆ ನನ್ನ ಕಣ್ಣಿನಲ್ಲಿ ಮರಳು ಹಾಕಿದ ಹಾಗೆ. ಮತ್ತೆ ಮಲಗಿದರೆ ಬೆಳಗಿನ ಜಾವಕ್ಕೆ ಸೊಪ್ಪು ಕೊಯ್ಯಲು ಏಳಬೇಕು, ಬಿಸಿಲು ಏರಿದ ಮೇಲೆ ಕೊಯ್ದರೆ ಸೊಪ್ಪು ಬಾಡುತ್ತದೆ.

ಆದರೆ ಇದೇ ಮನೆಯಲ್ಲಿ ನಿದ್ದೆಗೆ ಒಂದು ದೊಡ್ಡ ಮರ್ಯಾದೆಯೂ ಇತ್ತು. ಅದು ಹುಳದ ನಿದ್ದೆಗೆ. ಪೊರೆ ಬಿಡುವ ಮುಂಚೆ ಹುಳ ತಿನ್ನುವುದು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು ಒಂದು ದಿನವೋ ಅದಕ್ಕೂ ಸ್ವಲ್ಪ ಹೆಚ್ಚೋ ಅಲ್ಲಾಡದೆ ಇರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. "ಹುಳ ಜ್ವರಕ್ಕೆ ಕೂತವೆ" ಅಂದರೆ ಮನೆಯ ಧ್ವನಿಯೇ ತಗ್ಗುತ್ತಿತ್ತು. ಸೊಪ್ಪು ಹಾಕಬಾರದು. ತಟ್ಟೆ ಎಳೆದಾಡಬಾರದು. ಹಾಸು ಒಣಗಲೆಂದು ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಬಿಟ್ಟುಬಿಡಬೇಕು. ಕೆಲವು ಎದ್ದು ಕೆಲವು ಇನ್ನೂ ಮಲಗಿದ್ದರೆ, ಎದ್ದವು ಹಸಿದುಕೊಂಡಿದ್ದರೂ ಸರಿ, ಕೊನೆಯ ಹುಳ ಏಳುವ ತನಕ ಕಾಯಬೇಕು. ಇಲ್ಲದಿದ್ದರೆ ಬೆಳೆ ಒಂದೇ ಸಮ ಬರುವುದಿಲ್ಲ. ಜ್ವರದ ಹುಳವನ್ನು ಮುಟ್ಟಿದ್ದಕ್ಕೆ ನಾನು ಒಮ್ಮೆ ತಾತನ ಕೈಯಿಂದ ಏಟು ತಿಂದಿದ್ದೇನೆ. ನಡುರಾತ್ರಿ ಎಬ್ಬಿಸಿದರೆಂದು ಅಳುತ್ತಾ ಕೂತಾಗ ಮಾತ್ರ ಯಾರೂ ಸಮಾಧಾನ ಹೇಳಲಿಲ್ಲ, ಎಲ್ಲರ ಮನೆಯಲ್ಲೂ ಮಕ್ಕಳು ಎದ್ದಿದ್ದರು.

ನಮ್ಮ ಹಿರಿಯರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅಮ್ಮ ನನಗಿಂತ ಕಡಿಮೆ ಮಲಗಿದವಳು. ಆದರೆ ಇತಿಹಾಸವನ್ನು ಇದ್ದಂತೆ ಹೇಳಬೇಕು. ಹುಳಕ್ಕೆ ಎಷ್ಟು ನಿದ್ದೆ ಬೇಕು ಎಂದು ಗಂಟೆ ಲೆಕ್ಕದಲ್ಲಿ ತಿಳಿದಿದ್ದ ಮನೆಯಲ್ಲಿ ಹದಿನಾಲ್ಕರ ಹುಡುಗಿಗೆ ಎಷ್ಟು ನಿದ್ದೆ ಬೇಕು ಎಂಬ ಲೆಕ್ಕವೇ ಇರಲಿಲ್ಲ. ಇವತ್ತು ಮಗಳು ಮೊಮ್ಮಗನ ಮುಂದೆ ನಿಂತು ಒಂದು ನಿಯಮ ಹೇಳುವಾಗ ಅವಳ ಧ್ವನಿ ನಡುಗುವುದು ಯಾಕೆ ಎಂಬುದು ನನಗೆ ಅರ್ಥವಾಗುತ್ತದೆ. ನಾವು ಅವಳಿಗೆ ಆ ನಿಯಮವನ್ನು ಬಳುವಳಿಯಾಗಿ ಕೊಟ್ಟಿಲ್ಲ. ಅವಳು ಅದನ್ನು ಹೊಸದಾಗಿ ಕಟ್ಟುತ್ತಿದ್ದಾಳೆ.

ಹಣ್ಣು ಹುಳದ ರಾತ್ರಿಯ ಮಾತು ಬೇರೆ. ಕೊನೆಯ ಹಂತ ಮುಗಿದು ಹುಳದ ಮೈ ಪಾರದರ್ಶಕವಾಗಿ, ಹಣ್ಣು ದ್ರಾಕ್ಷಿಯ ಹಾಗೆ ಕಂಡರೆ ಅದು ಹಣ್ಣಾಯಿತು ಎಂದು. ಕಾಯುವ ಹಾಗಿಲ್ಲ. ಒಂದೊಂದೇ ಹುಳವನ್ನು ಕೈಯಲ್ಲಿ ಆರಿಸಿ ಗೂಡು ಕಟ್ಟುವ ಚಂದ್ರಂಕಿಗೆ ಬಿಡಬೇಕು. ತಡವಾದರೆ ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳು ಮಾಡಿಕೊಳ್ಳುತ್ತವೆ. ಆ ರಾತ್ರಿ ಪಕ್ಕದ ಮನೆಯವರೂ ಬರುತ್ತಿದ್ದರು, ಮುಯ್ಯಿಗೆ. ಹುಡುಗರು, ಹುಡುಗಿಯರು, ಮುದುಕಿಯರು ತಟ್ಟೆಯ ಸುತ್ತ ಕೂತು ಆರಿಸುವುದು, ಕಥೆ ಹೇಳುವುದು, ಯಾರದೋ ಮದುವೆಯ ಸುದ್ದಿ, ಮಧ್ಯೆ ಬೆಲ್ಲದ ಕಾಫಿ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸಂತೋಷದ ರಾತ್ರಿ ನೆನಪಿಲ್ಲ. ಮಾರನೇ ದಿನ ಸ್ಕೂಲಿಗೆ ಯಾರೂ ಹೋಗುತ್ತಿರಲಿಲ್ಲ, ಮೇಷ್ಟ್ರೂ ಕೇಳುತ್ತಿರಲಿಲ್ಲ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ನೊಣ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದು ತಿನ್ನುತ್ತದೆ. ಮನೆ ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಬಂತು. ಅದು ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ. ಪರದೆಯೊಳಗೆ ಹುಳದ ಜೊತೆ ಕೂತು ಬುಡ್ಡಿಯ ಬೆಳಕಲ್ಲಿ ಓದಿದ್ದೆ. ಸೊಪ್ಪಿನ ಹೊತ್ತಿಗೆ ಹೇಗೂ ಏಳಬೇಕಿತ್ತು, ಮಲಗದೇ ಇದ್ದರೆ ಓದಾದರೂ ಆಗುತ್ತದೆ ಎಂದು.

ನಾನು ಸಾಕುವ ಮನೆಯ ಮಗಳು. ಗೂಡು ನಮ್ಮ ಮನೆಯಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ಇನ್ನೊಂದು ಎಚ್ಚರ ಶುರುವಾಗುತ್ತಿತ್ತು, ಅದನ್ನು ನಾನು ತಡವಾಗಿ ಕಂಡೆ. ಗೂಡನ್ನು ಹೆಚ್ಚು ದಿನ ಇಡುವ ಹಾಗಿಲ್ಲ, ಒಳಗಿನ ಚಿಟ್ಟೆ ತೂತು ಮಾಡಿ ಹೊರಬಂದರೆ ನೂಲು ತುಂಡಾಗುತ್ತದೆ. ಆದ್ದರಿಂದ ನೂಲು ಬಿಚ್ಚುವ ಮನೆಗಳಲ್ಲಿ ಕತ್ತಲಿರುವಾಗಲೇ ಒಲೆ ಉರಿಯುತ್ತಿತ್ತು. ಕುದಿಯುವ ನೀರಿನಲ್ಲಿ ಗೂಡು, ಆವಿ, ಸತ್ತ ಕೋಶದ ನಾತ, ಚರಕ ತಿರುಗಿಸುವ ಕೈಗಳು. ಆ ಕೈಗಳಲ್ಲಿ ಎಷ್ಟೋ ಸಣ್ಣ ಕೈಗಳು. 1986ರಲ್ಲೇ ಬಾಲಕಾರ್ಮಿಕ ಕಾಯ್ದೆ ಬಂದಿತ್ತು. ಆದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಬಿದ್ದ ಮಕ್ಕಳ ಬಗ್ಗೆ ವರದಿ ತಂದಾಗ ಅದರಲ್ಲಿ ಕರ್ನಾಟಕವೂ ಇತ್ತು.

ನನ್ನ ಮೊದಲ ಕೆಲಸ ಹೀಗೆ ನೂಲು ಬಿಚ್ಚುವ ಮನೆಗಳಿದ್ದ ಒಂದು ಊರಿನಲ್ಲಿ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಮೊದಲ ಪಿರಿಯಡ್ಡಿನಲ್ಲೇ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದ. ಮೂರು ದಿನ ನೋಡಿ, ನಾಲ್ಕನೇ ದಿನ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ನಿಂತುಕೊಂಡೇ ತೂಕಡಿಸಿ ಬಿದ್ದ. ಎತ್ತಲು ಹೋದಾಗ ಕೈ ನೋಡಿದೆ. ಬೆರಳ ತುದಿಗಳು ಬಿಸಿನೀರಿನಲ್ಲಿ ನೆನೆದು ಬಿಳಿಚಿ ಸುಲಿದುಹೋಗಿದ್ದವು. ಬೆಳಗಿನ ಜಾವದಿಂದ ಒಂಬತ್ತರ ತನಕ ದುಡಿದು ಅವನು ಸ್ಕೂಲಿಗೆ ಬರುತ್ತಿದ್ದ. ನಡುರಾತ್ರಿ ಹುಳಕ್ಕೆ ಸೊಪ್ಪು ಹಾಕಿ ಬೆಳೆದವಳು ನಾನು, ನನಗೇ ಗೊತ್ತಾಗಲಿಲ್ಲವಲ್ಲ ಎಂದು ಇವತ್ತಿಗೂ ಎದೆ ಹಿಂಡುತ್ತದೆ. ಆಮೇಲೆ ನಿವೃತ್ತಿಯ ತನಕ ಕ್ಲಾಸಿನಲ್ಲಿ ಮಲಗಿದ ಯಾವ ಮಗುವನ್ನೂ ನಾನು ಮೊದಲು ಬೈಯಲಿಲ್ಲ. ರಾತ್ರಿ ಏನು ಮಾಡಿದೆ ಎಂದು ಮೊದಲು ಕೇಳುತ್ತಿದ್ದೆ.

ಓದಿಗಾಗಿ ಎಚ್ಚರವಿರುವುದಕ್ಕೆ ಮಾತ್ರ ನಮ್ಮ ಜಿಲ್ಲೆಯಲ್ಲಿ ಪೂಜ್ಯ ಸ್ಥಾನ. ಕಾರಣ ಮುದ್ದೇನಹಳ್ಳಿ. 1861ರಲ್ಲಿ ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಕೂತು ಓದಿದರು ಎಂಬ ಕಥೆ ಕೇಳದೆ ಬೆಳೆದ ಮಗು ಚಿಕ್ಕಬಳ್ಳಾಪುರದಲ್ಲಿ ಇಲ್ಲ. ಕಥೆ ಹೇಳುವವರು ಕರೆಂಟಿನ ಕಂಬವನ್ನೇ ಚಿತ್ರದಲ್ಲಿ ಬರೆಯುತ್ತಾರೆ. ಆದರೆ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನ ಓದು ಮುಗಿಸಿದ್ದು 1881ರಲ್ಲಿ. ಹಾಗಾಗಿ ಆ ದೀಪ ಇದ್ದಿದ್ದರೂ ಎಣ್ಣೆಯ ದೀಪವೇ. ಇದನ್ನು ಯಾಕೆ ಹೇಳುತ್ತೇನೆಂದರೆ, ಎಣ್ಣೆಗೆ ಒಂದು ಕೊನೆ ಇದೆ. ನಮ್ಮ ಕಾಲದಲ್ಲೂ ಇತ್ತು. ರೇಷನ್ನಿನ ಸೀಮೆಎಣ್ಣೆ ತಿಂಗಳಿಗೆ ಇಷ್ಟೇ ಲೀಟರು. ಹುಳದ ಪಾಲು, ಒಲೆ ಹಚ್ಚುವ ಪಾಲು ತೆಗೆದು ಉಳಿದದ್ದು ಓದಿಗೆ. "ಸಾಕು, ದೀಪ ಆರಿಸು" ಎಂದು ಅಪ್ಪ ಜಗಲಿಯಿಂದ ಕೂಗಿದರೆ ಅದು ನನ್ನ ಕಣ್ಣಿನ ಮೇಲಿನ ಕರುಣೆಯಿಂದಲ್ಲ, ಎಣ್ಣೆಯ ಮೇಲಿನ ಚಿಂತೆಯಿಂದ. ನಮ್ಮ ರಾತ್ರಿಗೆ ಮಿತಿ ಹಾಕಿದ್ದು ಬತ್ತಿ. ಮೊಮ್ಮಗನ ಕೈಯಲ್ಲಿರುವ ಬೆಳಕಿಗೆ ಆ ಮಿತಿ ಇಲ್ಲ, ತಂತಿ ಸಿಕ್ಕಿಸಿದರೆ ಅದು ಬೆಳಗಿನ ತನಕ ಬೆಳಗುತ್ತದೆ.

ಪರದೆಯ ಮುಂದೆ ಕೂತು ರಾತ್ರಿ ಕಳೆಯುವುದು ಈ ಸೀಮೆಗೆ ಹೊಸದು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ತಾತ ಹೇಳುತ್ತಿದ್ದರು: ಮಳೆ ಹೋದ ವರ್ಷ ಊರಿಗೆ ತೊಗಲು ಬೊಂಬೆಯವರು ಬರುತ್ತಿದ್ದರು. ಬಿಳಿ ಪಂಚೆಯನ್ನು ಬಿಗಿದು ಕಟ್ಟಿ, ಹಿಂದೆ ದೀಪ ಇಟ್ಟು, ಬಣ್ಣದ ತೊಗಲಿನ ರಾಮ, ರಾವಣ, ನಡುವೆ ನಗಿಸುವ ಕಿಳ್ಳೇಕ್ಯಾತ. ಊಟ ಮುಗಿದ ಮೇಲೆ ಶುರುವಾದರೆ ಕೋಳಿ ಕೂಗುವ ತನಕ. ನಮ್ಮದು ತೆಲುಗು ಕನ್ನಡ ಎರಡೂ ಬೆರೆತ ನಾಡು, ಕಥೆಯೂ ಎರಡರಲ್ಲೂ ಓಡಾಡುತ್ತಿತ್ತು. ಆ ಪರದೆಯ ಮುಂದೆ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು, ಎರಡನೇ ಜಾವಕ್ಕೆ ಅಲ್ಲೇ ಒರಗಿ ಮಲಗುತ್ತಿದ್ದರು. ಯಾರೂ ಎಬ್ಬಿಸುತ್ತಿರಲಿಲ್ಲ, ಯುದ್ಧದ ಸನ್ನಿವೇಶ ಬಂದಾಗ ಮಾತ್ರ ಎಬ್ಬಿಸುತ್ತಿದ್ದರು. ಕೇಳಿಕೆಯ ನಾಟಕವೂ ಹಾಗೆಯೇ, ರಾತ್ರಿಯಿಡೀ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನಾರೇಯಣ ತಾತಯ್ಯನವರ ತತ್ವಪದಗಳ ಭಜನೆ, ಗುರುಪೂರ್ಣಿಮೆಯ ಹೊತ್ತಿಗೆ ಹಗಲು ರಾತ್ರಿ ನಡೆಯುವ ಸಂಗೀತ. ನಂದಿಯ ಭೋಗನಂದೀಶ್ವರನಲ್ಲಿ ಶಿವರಾತ್ರಿಯ ಜಾಗರಣೆ. ಹೀಗೆ ಎಚ್ಚರಕ್ಕೆ ದೇವರ ಒಪ್ಪಿಗೆಯೂ ಇತ್ತು, ಆದರೆ ಅದಕ್ಕೆ ದಿನ ಗೊತ್ತಿತ್ತು. ವರ್ಷದಲ್ಲಿ ಇಂಥ ರಾತ್ರಿಗಳು ಬೆರಳೆಣಿಕೆಯಷ್ಟು, ಮತ್ತು ಊರಿಗೆ ಊರೇ ಎದ್ದಿರುತ್ತಿತ್ತು. ಮೊಮ್ಮಗನ ಎಚ್ಚರದಲ್ಲಿ ನನ್ನನ್ನು ಹೆದರಿಸಿದ್ದು ಗಂಟೆ ಹನ್ನೆರಡೂವರೆ ಆಗಿದ್ದಲ್ಲ. ಅವನು ಅಲ್ಲಿ ಒಬ್ಬನೇ ಇದ್ದ, ಹೊದಿಕೆಯೊಳಗೆ.

ಆಮೇಲೆ ಟೆಂಟು ಬಂತು. ಟೂರಿಂಗ್ ಟಾಕೀಸಿಗೆ ಹಗಲಿನಲ್ಲಿ ಆಟ ಇಲ್ಲ, ಬಟ್ಟೆಯ ಸಂದಿಯಿಂದ ಬೆಳಕು ನುಗ್ಗಿದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಫಸ್ಟ್ ಶೋ, ಊಟದ ಹೊತ್ತು ಕಳೆದು ಸೆಕೆಂಡ್ ಶೋ. ಆಟಕ್ಕೆ ಮುಂಚೆ ಧ್ವನಿವರ್ಧಕದಲ್ಲಿ ಘಂಟಸಾಲ ಅವರ ದನಿಯಲ್ಲಿ ವೆಂಕಟೇಶ್ವರನ ಹಾಡು ಬಯಲ ಮೇಲೆ ಎರಡು ಮೈಲಿ ಹರಿಯುತ್ತಿತ್ತು. ಅದು ಕೇಳಿಸಿದರೆ ಟಿಕೆಟ್ ಕೊಡಲು ಶುರು ಮಾಡಿದ್ದಾರೆ ಎಂದು ಅರ್ಥ. ಹುಳದ ತಟ್ಟೆಯ ಮುಂದೆ ಕೂತ ಅಣ್ಣನ ಕಾಲು ತಾನಾಗಿಯೇ ಕುಣಿಯುತ್ತಿತ್ತು. ಅವನಿಗೆ ಸೆಕೆಂಡ್ ಶೋಗೆ ಹೋಗಲು ಒಂದು ನೆಲದ ಟಿಕೆಟ್ಟಿನ ಕಾಸಿದ್ದರೆ ಸಾಕು. ನಡುರಾತ್ರಿ ವಾಪಸು ಬಂದು ಸೊಪ್ಪು ಹಾಕಿ ಮಲಗುತ್ತಿದ್ದ, ಅಪ್ಪ ಏನೂ ಅನ್ನುತ್ತಿರಲಿಲ್ಲ. ನನಗೆ ಫಸ್ಟ್ ಶೋ ಕೂಡ ಅತ್ತೆಯೋ ಚಿಕ್ಕಮ್ಮನೋ ಜೊತೆಗಿದ್ದರೆ ಮಾತ್ರ. ರಾತ್ರಿಯ ನಿಯಮ ಎಂಬುದು ನಮ್ಮ ಸೀಮೆಯಲ್ಲಿ ಮೊದಲು ಹುಟ್ಟಿದ್ದು ಹೆಣ್ಣುಮಕ್ಕಳಿಗೆ, ಅದೂ ನಿದ್ದೆಯ ನಿಯಮವಲ್ಲ, ಹೊಸಿಲಿನ ನಿಯಮ. ಮನೆಯೊಳಗೆ ಎಷ್ಟು ಹೊತ್ತು ಎಚ್ಚರವಿದ್ದರೂ ಸರಿ, ಹೊಸಿಲು ದಾಟುವ ಹಾಗಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಹುಡುಗನ ಮೊಬೈಲು ಓದಿಗೆ ಅಡ್ಡಿ ಎಂದು ಕಸಿದುಕೊಳ್ಳುತ್ತಾರೆ, ಹುಡುಗಿಯದನ್ನು ಯಾರ ಜೊತೆ ಮಾತಾಡುತ್ತಾಳೋ ಎಂದು ಕಸಿದುಕೊಳ್ಳುತ್ತಾರೆ. ಆ ಹಳೆಯ ಹೊಸಿಲು ಇನ್ನೂ ಅಲ್ಲೇ ಇದೆ.

"ಇಷ್ಟು ಗಂಟೆಗೆ ಮಲಗು" ಎಂಬ ಮಾತನ್ನು ನಾನು ಮೊದಲು ಕಂಡದ್ದು ಹಾಸ್ಟೆಲಿನಲ್ಲಿ. ಗೌರಿಬಿದನೂರಿನ ಕಡೆ ಕೆಲಸದಲ್ಲಿದ್ದಾಗ ನನ್ನ ಅರ್ಧ ಕ್ಲಾಸು ಹಾಸ್ಟೆಲ್ ಮಕ್ಕಳು. ಅದು ಎಚ್. ನರಸಿಂಹಯ್ಯನವರ ತಾಲ್ಲೂಕು. ಹೊಸೂರಿನ ಬಡ ಮನೆಯ ಹುಡುಗ 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದುಕೊಂಡೇ ಹೋದ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ, ಆದರೂ ಬದುಕಿನ ಬಹುಪಾಲು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಕಳೆದ. ಅವರ ಹೆಸರು ಹೇಳಿಕೊಂಡು ಮಕ್ಕಳನ್ನು ಹಾಸ್ಟೆಲಿಗೆ ಸೇರಿಸುವ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ಓದು, ಗಂಟೆ ಹೊಡೆದರೆ ದೀಪ ಆರಬೇಕು. ಹಳ್ಳಿಯಿಂದ ಬಂದ ಮಕ್ಕಳಿಗೆ ಇದು ವಿಚಿತ್ರ. "ಟೀಚರ್, ಕೆಲಸ ಏನೂ ಇಲ್ಲ, ಆದ್ರೂ ಮಲಗ್ಬೇಕಂತೆ" ಎಂದು ಒಬ್ಬಳು ಹೇಳಿದ್ದಳು. ಆ ಮಾತಿನಲ್ಲಿ ದೂರು ಇರಲಿಲ್ಲ, ಬೆರಗು ಇತ್ತು.

ಹುಳ ಮನೆ ಬಿಟ್ಟ ಮೇಲೆ ಆ ಬೆರಗು ಮನೆ ಮನೆಗೂ ಬಂತು. ತೊಂಬತ್ತರ ದಶಕದಲ್ಲಿ ಇಲಾಖೆಯವರು ಕೊಂಬೆಸಮೇತ ಸೊಪ್ಪು ಹಾಕುವ ಪದ್ಧತಿ ಹೇಳಿಕೊಟ್ಟರು. ಹೊಲದಲ್ಲೇ ಪ್ರತ್ಯೇಕ ಹುಳದ ಮನೆ. ಚಾಕಿ ಕೇಂದ್ರದಲ್ಲಿ ಎರಡನೇ ಜ್ವರ ದಾಟಿದ ಹುಳವನ್ನೇ ಕೊಂಡು ತರುವ ಅನುಕೂಲ. ಸೊಪ್ಪು ದಿನಕ್ಕೆ ಎರಡು ಮೂರು ಸಲಕ್ಕೆ ಇಳಿಯಿತು, ನಡುರಾತ್ರಿಯ ಸರದಿ ನಿಂತಿತು. ಚಿಂತಾಮಣಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿಗೆಂದೇ ಕಾಲೇಜು ಬಂತು. ಇವು ಇಳುವರಿಗಾಗಿ ಮಾಡಿದ ಬದಲಾವಣೆಗಳು. ನಮ್ಮ ಮಕ್ಕಳಿಗೆ ರಾತ್ರಿಯನ್ನು ಮರಳಿ ಕೊಟ್ಟದ್ದು ಕೂಡ ಇವೇ. ನನ್ನ ಮಗಳು ಬೆಳೆದದ್ದು ಈ ಸಣ್ಣ ಸಂಧಿಕಾಲದಲ್ಲಿ, ಹುಳ ಹೊರಗೆ ಹೋಗಿತ್ತು, ಮೊಬೈಲು ಒಳಗೆ ಬಂದಿರಲಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲಿ, ಉದಯ ಟಿವಿ 1994ರಲ್ಲಿ ಶುರುವಾದರೂ ಟಿವಿ ಇದ್ದದ್ದು ನಡುಮನೆಯಲ್ಲಿ, ಅದರ ಸದ್ದು ಎಲ್ಲರಿಗೂ ಕೇಳುತ್ತಿತ್ತು, ಅಪ್ಪ ಎದ್ದು ಆರಿಸಿದರೆ ಮನೆಗೆಲ್ಲ ಆರಿದ ಹಾಗೆ. ಎಂಟಕ್ಕೆ ಊಟ, ಒಂಬತ್ತಕ್ಕೆ ಹಾಸಿಗೆ ಎಂದು ಅವಳು ಹೇಳಿದ್ದು ಅವಳ ಮಟ್ಟಿಗೆ ನಿಜ. ಆ ಹತ್ತು ಹದಿನೈದು ವರ್ಷವನ್ನೇ ಅವಳು "ನಮ್ಮ ಕಾಲ" ಎಂದು ನಂಬಿದ್ದಾಳೆ.

ಹಳ್ಳಿಯ ಗಂಡುಹುಡುಗರಿಗೆ ಆ ವಿರಾಮವೂ ಪೂರ್ತಿ ಸಿಗಲಿಲ್ಲ. ಕೆರೆ ಬತ್ತಿ, ಬೋರ್‌ವೆಲ್ ಸಾವಿರ ಅಡಿಗೂ ಕೆಳಗೆ ಇಳಿದ ಮೇಲೆ ನೀರು ಕರೆಂಟಿನ ಕೈಗೆ ಹೋಯಿತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವುದು ಎಷ್ಟೋ ಸಲ ರಾತ್ರಿ. ಟಾರ್ಚು ಹಿಡಿದು, ಹಾವಿನ ಭಯದಲ್ಲಿ, ಹನ್ನೊಂದಕ್ಕೆ ಹೋಗಿ ಮೋಟ್ರು ಹಾಕಿ, ಟೊಮ್ಯಾಟೊ ಸಾಲಿಗೆ ನೀರು ತಿರುಗಿಸಿ ಬರುತ್ತಿದ್ದವರು ಒಂಬತ್ತು ಹತ್ತನೇ ಕ್ಲಾಸಿನ ಹುಡುಗರೇ. ಈಗ ಹಾಸಿಗೆಯಲ್ಲಿ ಮಲಗಿ ಫೋನಿನಿಂದಲೇ ಮೋಟ್ರು ಹಾಕುವ ಸ್ಟಾರ್ಟರು ಬಂದಿದೆ. ಮೊಬೈಲನ್ನು ಬೈಯುವಾಗ ಇದನ್ನೂ ನೆನೆಯಬೇಕು, ಅದು ಕೆಲವು ಹುಡುಗರನ್ನು ಕತ್ತಲ ಗದ್ದೆಯಿಂದ ಮನೆಗೆ ಕರೆತಂದಿದೆ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಶಾಲೆ ಮುಚ್ಚಿತು. ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡ ಎಂದು ಆ ಜೂನ್‌ನಲ್ಲಿ ಸರ್ಕಾರ ಆದೇಶ ಮಾಡಿತು, ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮೊಬೈಲು ಮುಟ್ಟಬೇಡ ಎನ್ನುತ್ತಿದ್ದ ನಾವೇ ಸಾಲ ಮಾಡಿ ಮೊಬೈಲು ಕೊಡಿಸಿದೆವು. ಹಸು ಮಾರಿ ಫೋನು ತಂದ ಒಬ್ಬ ಅಪ್ಪ ನನ್ನ ಮುಂದೆ ಕೂತು, "ಓದ್ತಾವ್ನೋ ಆಡ್ತಾವ್ನೋ ನನಗೆ ಹೆಂಗಮ್ಮ ಗೊತ್ತಾಗ್ತದೆ?" ಎಂದು ಕೇಳಿದ್ದು ಮರೆಯಲಾರೆ. ಅಮ್ಮನಿಗೆ ಹುಳದ ಸದ್ದು ನಿಂತರೆ ಗೊತ್ತಾಗುತ್ತಿತ್ತು. ಮೊಬೈಲು ಸದ್ದನ್ನೇ ಮಾಡುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದು ಒಂದು ಚಿಕಿತ್ಸಾ ಘಟಕ ತೆರೆಯಿತು. ನಮ್ಮ ರಾಜ್ಯದ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಒಂದೂವರೆ ಗಂಟೆ ಊರಿನ ಟಿವಿ, ಮೊಬೈಲುಗಳೆಲ್ಲ ಆರುತ್ತವೆ. ಇದು ನನಗೆ ಬಹಳ ಹಿಡಿಸಿತು. ಯಾಕೆಂದರೆ ಅಲ್ಲಿ ಮಕ್ಕಳ ಜೊತೆ ದೊಡ್ಡವರದ್ದೂ ಆರುತ್ತದೆ. ನಮ್ಮ ಮನೆಯ ಫ್ರಿಜ್ಜಿನ ಮೇಲೆ ಕೂರುತ್ತಿದ್ದ ಫೋನು ಮೊದಮೊದಲು ಒಂದೇ, ಮೊಮ್ಮಗನದು. ಅಳಿಯಂದಿರದು ಹನ್ನೊಂದರ ತನಕ ಕೈಯಲ್ಲೇ. ಇದನ್ನು ಹೇಳಿದ್ದಕ್ಕೂ ನಾನು ಮಗಳಿಂದ ಮಾತು ಕೇಳಿದೆ. ಈಗ ಮೂರೂ ಅಲ್ಲಿ ಕೂರುತ್ತವೆ.

ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಎಂಬ ರಸ ಮೈಯಲ್ಲಿ ಊರುವುದು ಒಂದೆರಡು ಗಂಟೆ ತಡವಾಗುತ್ತದೆ, ಕಣ್ಣಿಗೆ ಬೀಳುವ ಬೆಳಕು ಅದನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ, ಆದರೂ ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಓದಿದಾಗ ನನಗೆ ಅಮ್ಮನ ಕಪ್ಪು ಬಟ್ಟೆ ನೆನಪಾಯಿತು. ಮೊಟ್ಟೆ ಒಡೆಯುವ ಒಂದೆರಡು ದಿನ ಮುಂಚೆ, ಒಳಗಿನ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಂಡಾಗ, ಅವಳು ಮೊಟ್ಟೆಯ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಡುತ್ತಿದ್ದಳು. ಒಂದು ಬೆಳಿಗ್ಗೆ ಬಿಚ್ಚಿ ಬೆಳಕಿಗೆ ಹಿಡಿದರೆ ಸಾವಿರ ಸಾವಿರ ಮರಿ ಒಟ್ಟಿಗೆ ಹೊರಡುತ್ತಿದ್ದವು. ಕತ್ತಲಿನ ಬೆಲೆ ಅವಳಿಗೆ ಗೊತ್ತಿತ್ತು. ಆ ತಿಳುವಳಿಕೆಯನ್ನು ಹುಳದಿಂದ ಮಗುವಿನ ಕಡೆಗೆ ತಿರುಗಿಸುವಷ್ಟು ಬಿಡುವು ಅವಳ ಬದುಕಿನಲ್ಲಿ ಇರಲಿಲ್ಲ.

ದಸರಾ ರಜೆಯಲ್ಲಿ ಮೊಮ್ಮಗನನ್ನು ಊರಿಗೆ ಕರೆದುಕೊಂಡು ಹೋದೆ. ಅಣ್ಣ ಈಗಲೂ ಹುಳ ಮೇಯಿಸುತ್ತಾನೆ, ಹೊಲದ ಶೆಡ್ಡಿನಲ್ಲಿ. ನಾವು ಹೋದ ಸಂಜೆ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಡುಗ ಫೋನಿನ ಟಾರ್ಚು ಹಾಕಿಕೊಂಡು ಒಳಗೆ ಕಾಲಿಡಲು ಹೋದ. ಅಣ್ಣ ಮೆಲ್ಲಗೆ ಅವನ ಕೈ ಹಿಡಿದು ಟಾರ್ಚು ಆರಿಸಿದ.

"ಜ್ವರಕ್ಕೆ ಕೂತವೆ ಕಣಪ್ಪ. ಈಗ ಬ್ಯಾಡ."

"ಎಷ್ಟೊತ್ತು ತಾತ?"

"ನಾಳೆ ರಾತ್ರಿ ಗಂಟ."

"ಅಲ್ಲೀವರೆಗೂ ಯಾರೂ ಎಬ್ಬಿಸಲ್ವಾ?"

"ಯಾರೂ ಎಬ್ಬಿಸಲ್ಲ."

ಅವನು ನೈಲಾನ್ ಪರದೆಯ ಹೊರಗೆ ನಿಂತು ಕತ್ತಲಲ್ಲಿ ಸುಮಾರು ಹೊತ್ತು ನೋಡಿದ. ರಾತ್ರಿ ಮೂವರೂ ಹಳೆಯ ನಡುಮನೆಯಲ್ಲಿ, ತಟ್ಟೆಗಳಿದ್ದ ಜಾಗದಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ಬೆಳಿಗ್ಗೆ ಎಂಟಾದರೂ ಅವನು ಎದ್ದಿರಲಿಲ್ಲ. ಅತ್ತಿಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಅವನ ಹೆಸರು ಕೂಗಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದು, ಲೋಟ ಇಸಿದುಕೊಂಡು, ಬಾಗಿಲು ಮುಂದೆ ಮಾಡಿದೆ.